ಭಾರ ಎತ್ತುವಾಗ ಮೂತ್ರ ಸೋರುವುದು: ನಮಾಝ್ ಬಿಡಬೇಕಿಲ್ಲ, ಮುಚ್ಚಿಡಬೇಕಿಲ್ಲ

ಶುದ್ಧಿಯ ಕುರಿತ ಖುತ್ಬಾದ ಸಾರಾಂಶ ಪ್ರಕಟವಾದಾಗಲೆಲ್ಲ ಮಹಿಳೆಯರ ಕಡೆಯಿಂದ ಒಂದು ಪ್ರಶ್ನೆ ಸುತ್ತಿ ಬಳಸಿ ಬರುತ್ತದೆ. "ಕೆಮ್ಮಿದರೆ ವುಝೂ ಹೋಗುತ್ತದಾ?" ಕೆಮ್ಮಿನಿಂದ ವುಝೂ ಹೋಗುವುದಿಲ್ಲ ಎಂದು ಯಾರಾದರೂ ಉತ್ತರ ಕೊಟ್ಟರೆ ಕೇಳಿದವರು ಸುಮ್ಮನಾಗುತ್ತಾರೆ. ಅವರು ಕೇಳಿದ್ದು ಕೆಮ್ಮಿನ ಬಗ್ಗೆ ಅಲ್ಲ. ಕೆಮ್ಮುವಾಗ ತಿಳಿಯದೆ ಜಾರುವ ಎರಡು ಹನಿ ಮೂತ್ರದ ಬಗ್ಗೆ.

ಮಹಿಳೆಯರ ದರ್ಸ್ ಒಂದು ಮುಗಿದ ಮೇಲೆ, ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದ ಶಿರಸಿಯ ಒಬ್ಬ ಖಾಲಾ ನನ್ನೊಡನೆ ಇದನ್ನು ಬಿಡಿಸಿ ಹೇಳಿದರು. ಅವರಿಗೆ ಐವತ್ತು ತುಂಬಿಲ್ಲ. ನಾಲ್ಕು ಹೆರಿಗೆ. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಸುಲಿದ ಅಡಿಕೆಯ ಬುಟ್ಟಿ ಎತ್ತಿ ಕೊಡುವಾಗ ಸೋರುತ್ತದೆ, ಬಾವಿಯಿಂದ ಕೊಡ ಎತ್ತುವಾಗ ಸೋರುತ್ತದೆ, ಸುಜೂದ್‌ನಿಂದ ಏಳುವಾಗಲೂ ಕೆಲವೊಮ್ಮೆ ಸೋರುತ್ತದೆ. ಮೊದಲು ತರಾವೀಹ್‌ಗೆ ಹೋಗುವುದು ಬಿಟ್ಟರು. ಕೆಲಸದ ಜಾಗದಲ್ಲಿ ತೊಳೆದುಕೊಳ್ಳಲು, ಬಟ್ಟೆ ಬದಲಿಸಲು ಮರೆ ಇಲ್ಲವಾದ್ದರಿಂದ ಝುಹರ್, ಅಸರ್ ತಪ್ಪತೊಡಗಿದವು. ಕಡೆಗೆ, "ನನ್ನಂಥವಳ ನಮಾಝ್ ಹೇಗೂ ಕಬೂಲ್ ಆಗುವುದಿಲ್ಲ" ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ಗಂಡನಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ. ಎರಡು ವರ್ಷ ಹೀಗೇ ಕಳೆದಿತ್ತು.

ಆ ಎರಡು ವರ್ಷ ಅವರು ಕಳೆದುಕೊಳ್ಳಬೇಕಾಗಿರಲಿಲ್ಲ. ಅದಕ್ಕಾಗಿ ಈ ಬರಹ.

ಮೊದಲು ಇದು ಏನು ಎಂದು ನೋಡೋಣ. ನಮ್ಮ ಸೊಂಟದ ಎಲುಬಿನ ಬುಡದಲ್ಲಿ, ಮುಂದಿನ ಗುಪ್ತಾಂಗದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಮಗುವಿನ ಜೋಲಿಯ ಹಾಗೆ ಸ್ನಾಯುಗಳ ಒಂದು ಹಾಸು ಕಟ್ಟಿಕೊಂಡಿದೆ. ಮೂತ್ರಚೀಲ, ಗರ್ಭಕೋಶ, ಮಲಕೋಶ ಮೂರೂ ಈ ಜೋಲಿಯ ಮೇಲೆ ಕೂತಿವೆ. ಮೂತ್ರದ ದಾರಿ, ಹೆರಿಗೆಯ ದಾರಿ, ಮಲದ ದಾರಿ ಇದರ ನಡುವೆಯೇ ಹಾದು ಹೊರಬರುತ್ತವೆ. ಡಾಕ್ಟರುಗಳು ಪೆಲ್ವಿಕ್ ಫ್ಲೋರ್ ಎನ್ನುವುದು ಇದಕ್ಕೇ. ನಾವು ತಳದ ಸ್ನಾಯು ಎನ್ನೋಣ. ಜೋಲಿ ಬಿಗಿಯಾಗಿದ್ದರೆ ಮೂತ್ರದ ದಾರಿ ಒತ್ತಿ ಮುಚ್ಚಿಕೊಂಡಿರುತ್ತದೆ. ಜೋಲಿ ಸಡಿಲವಾದರೆ ಒತ್ತಡ ಬಿದ್ದಾಗ ಬಾಯಿ ತುಸು ತೆರೆದುಕೊಳ್ಳುತ್ತದೆ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ ಹೆಂಗಸರದ್ದು 4 ಸೆಂಟಿಮೀಟರಿನಷ್ಟೇ. ಅಂದರೆ ಹೆಣ್ಣಿನ ದೇಹದಲ್ಲಿ ತಡೆಯುವ ಕೆಲಸದ ಹೆಚ್ಚಿನ ಪಾಲು ಈ ಸ್ನಾಯುವಿನ ಮೇಲೆಯೇ ಇದೆ.

ಒತ್ತಡ ಎಲ್ಲಿಂದ ಬರುತ್ತದೆ? ಹೊಟ್ಟೆ ಎಂಬುದು ನಾಲ್ಕೂ ಕಡೆ ಮುಚ್ಚಿದ ಚೀಲ. ಮೇಲೆ ಉಸಿರಾಟದ ವಪೆ, ಮುಂದೆ ಹೊಟ್ಟೆಯ ಸ್ನಾಯು, ಹಿಂದೆ ಬೆನ್ನೆಲುಬು, ಕೆಳಗೆ ಈ ಜೋಲಿ. ಕೆಮ್ಮು, ಸೀನು, ನಗು, ಭಾರ ಎತ್ತುವುದು ಎಲ್ಲವೂ ಈ ಚೀಲವನ್ನು ಹಿಂಡುತ್ತವೆ. ಉಸಿರು ಬಿಗಿ ಹಿಡಿದು ಎತ್ತಿದರಂತೂ ಮೇಲಿನ ಬಾಗಿಲು ಹಾಕಿಕೊಳ್ಳುತ್ತದೆ, ಒತ್ತಡವೆಲ್ಲ ಕೆಳಗೆ ಬೀಳುತ್ತದೆ. ಹೀಗೆ ಒತ್ತಡಕ್ಕೆ ಸೋರುವುದು ಒಂದು ಬಗೆ. ಮೂತ್ರ ಬಂತೆಂದರೆ ತಡೆಯಲಾಗದೆ ಬಚ್ಚಲು ಮುಟ್ಟುವಷ್ಟರಲ್ಲಿ ಹೋಗಿಬಿಡುವುದು ಇನ್ನೊಂದು ಬಗೆ; ಅದರಲ್ಲಿ ಮೂತ್ರಚೀಲ ತಾನಾಗಿ ಹಿಂಡಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಈ ಲೇಖನದಲ್ಲಿ ಹೆಚ್ಚಾಗಿ ಮೊದಲನೆಯದರ ಬಗ್ಗೆ ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಭಾರ ಎತ್ತುವುದು ಹೆಣ್ಣುಮಕ್ಕಳಿಗೆ ಹೊಸದಲ್ಲ. ಶಿರಸಿಯ ಗಣೇಶನಗರದ ಗೌರಿ ನಾಯ್ಕ ಅವರು ಅಂಗನವಾಡಿ ಮಕ್ಕಳ ನೀರಿಗೆಂದು ಒಬ್ಬರೇ ಬಾವಿ ತೋಡಿದ್ದನ್ನು 2024ರಲ್ಲಿ ರಾಜ್ಯವೆಲ್ಲ ಓದಿತು. ಪತ್ರಿಕೆಯಲ್ಲಿ ಬರದ ಭಾರಗಳು ಇನ್ನೂ ಎಷ್ಟೋ. ಸಿದ್ದಾಪುರದ ಕಡೆ ಮನೆ ಮೇಲೆ, ಬಾವಿ ಕೆಳಗೆ. ಒಂದು ಕೊಡಕ್ಕೆ ಹನ್ನೆರಡು ಹದಿನೈದು ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಸೊಂಟದಲ್ಲೊಂದು, ಸಿಂಬೆಯ ಮೇಲೊಂದು ಇಟ್ಟು ದಿಬ್ಬ ಹತ್ತಿದರೆ ಸುಮಾರು ಮೂವತ್ತು ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್‌ನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಸೇರಿ ಅದೂ ಹೆಚ್ಚುಕಡಿಮೆ ಮೂವತ್ತು. ಅಕ್ಕಿ ಚೀಲ ಇಪ್ಪತ್ತೈದು. ಯಲ್ಲಾಪುರದ ಕಾಡಂಚಿನ ಮನೆಗಳಲ್ಲಿ ಕಟ್ಟಿಗೆ ಹೊರೆ, ಸೊಪ್ಪಿನ ಹೊರೆ, ಮಳೆಗಾಲಕ್ಕೆ ಮೊದಲು ತರಗೆಲೆಯ ಹೊರೆ. ಇವನ್ನು ಯಾರೂ ತೂಕ ಹಾಕಿ ನೋಡಿದವರಿಲ್ಲ. ಜಿಮ್‌ನಲ್ಲಿ ಮೂವತ್ತು ಕಿಲೋ ಎತ್ತಿದ ಹುಡುಗಿಯನ್ನು ಎಲ್ಲರೂ ಬೆರಗಿನಿಂದ ನೋಡುತ್ತಾರೆ. ಅವಳ ಅಜ್ಜಿ ಅದನ್ನು ಬೆಳಿಗ್ಗೆ ಚಹಾಕ್ಕಿಂತ ಮೊದಲೇ ಎತ್ತಿಟ್ಟಿರುತ್ತಾಳೆ.

ಜಿಮ್‌ನ ಮಾತು ಬಂದ ಮೇಲೆ ಅದನ್ನೂ ಹೇಳಬೇಕು. ನಮ್ಮ ಮನೆಯ ಹೆಣ್ಣುಮಕ್ಕಳು ಈಗ ಹುಬ್ಬಳ್ಳಿ, ಬೆಂಗಳೂರಿನಲ್ಲಿ ಓದುತ್ತಾ ವ್ಯಾಯಾಮಶಾಲೆಗೂ ಹೋಗುತ್ತಾರೆ. ಒಳ್ಳೆಯದೇ. ಮೂಳೆ ಗಟ್ಟಿಯಾಗುತ್ತದೆ, ಸಕ್ಕರೆ ಹತೋಟಿಯಲ್ಲಿರುತ್ತದೆ. ಆದರೆ ಹೆರಿಗೆಯೇ ಆಗದ ಹುಡುಗಿಯರಿಗೂ ಭಾರ ಎತ್ತುವಾಗ ಹನಿ ಜಾರುವುದುಂಟು. ನಾರ್ವೆ ದೇಶದಲ್ಲಿ ಸ್ಪರ್ಧೆಗಾಗಿ ಭಾರ ಎತ್ತುವ ಮಹಿಳೆಯರನ್ನು ವಿಚಾರಿಸಿದಾಗ ಹತ್ತಿರಹತ್ತಿರ ಅರ್ಧದಷ್ಟು ಮಂದಿ ತಮಗೆ ಸೋರುತ್ತದೆ ಎಂದರು. ಅವರು ದುರ್ಬಲರಲ್ಲ, ಮುದುಕಿಯರೂ ಅಲ್ಲ. ತೋಳು, ತೊಡೆ, ಬೆನ್ನು ಪಳಗಿದಷ್ಟು ತಳದ ಸ್ನಾಯು ಪಳಗಿರುವುದಿಲ್ಲ, ಏಕೆಂದರೆ ಅದನ್ನು ಪಳಗಿಸಬೇಕೆಂದು ಹೇಳಿಕೊಟ್ಟವರಿಲ್ಲ. ಮಗಳು ಹೀಗೆ ಹೇಳಿದರೆ "ಜಿಮ್ ಬಿಡು" ಎನ್ನಬೇಡಿ. ಯಾವ ತೂಕಕ್ಕೆ ಸೋರಲು ಶುರುವಾಗುತ್ತದೋ ಅದಕ್ಕಿಂತ ಕೆಳಗೆ ಇಳಿದು, ಉಸಿರು ಮತ್ತು ಬಿಗಿತ ಸರಿಮಾಡಿಕೊಂಡು, ಮತ್ತೆ ಮೆಲ್ಲಗೆ ಏರಬೇಕು. ಸೊಂಟಕ್ಕೆ ಬಿಗಿಯುವ ದಪ್ಪ ಬೆಲ್ಟ್ ಹೊಟ್ಟೆಯ ಒಳಗಿನ ಒತ್ತಡವನ್ನು ಹೆಚ್ಚಿಸುತ್ತದೆ. ಸೋರುವವರು ಅದನ್ನು ಸದಾ ಕಟ್ಟಿಕೊಂಡಿರುವುದು ಬೇಡ.

ಭಾರ ಎತ್ತಿದವರಿಗೆಲ್ಲ ಹೀಗಾಗುವುದಿಲ್ಲ, ಅದು ಸತ್ಯ. ಬೇರೆ ಕಾರಣಗಳು ಕೂಡಿಕೊಳ್ಳುತ್ತವೆ. ಅದರಲ್ಲಿ ದೊಡ್ಡದು ಹೆರಿಗೆ. ಮಗು ಹೊರಬರುವಾಗ ಈ ಸ್ನಾಯುವಿನ ಕೆಲವು ಎಳೆಗಳು ತಮ್ಮ ಉದ್ದದ ಸುಮಾರು ಮೂರು ಪಟ್ಟು ಹಿಗ್ಗುತ್ತವೆ. ಮಗು ದೊಡ್ಡದಿದ್ದರೆ, ಇಕ್ಕಳ ಹಾಕಿ ಎಳೆದಿದ್ದರೆ ಏಟು ಇನ್ನೂ ಹೆಚ್ಚು. ಮುಟ್ಟು ನಿಂತ ಮೇಲೆ ಆ ಭಾಗದ ಚರ್ಮ, ಸ್ನಾಯು ತೆಳುವಾಗುತ್ತವೆ. ಹಳೆಯ ಕೆಮ್ಮು, ಮಲಬದ್ಧತೆ, ಸೊಂಟದ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆ ಇವೂ ಸೇರುತ್ತವೆ. ಒಲೆಯ ಹೊಗೆಯಲ್ಲಿ ಇಪ್ಪತ್ತು ವರ್ಷ ಕೂತು ಬಂದ ಕೆಮ್ಮು ತಳದ ಸ್ನಾಯುವಿಗೆ ದಿನಕ್ಕೆ ನೂರು ಸಲ ಗುದ್ದಿದ ಹಾಗೆ.

ಹೆರಿಗೆಯ ನಂತರದ ಚಿಲ್ಲಾ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ನಮ್ಮ ಮನೆಗಳಲ್ಲಿ ನಲವತ್ತು ದಿನ ಬಾಣಂತಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ನಲವತ್ತೊಂದನೆಯ ದಿನ ಸ್ನಾನವಾದ ಕೂಡಲೇ ಕೊಡ, ಬಟ್ಟೆಯ ಬಕೆಟ್, ಹಂಡೆ ಎಲ್ಲವೂ ಅವಳ ಕೈಗೆ ವಾಪಸ್. ನಿಫಾಸಿನ ಗರಿಷ್ಠ ಅವಧಿ ಹನಫಿಗಳಲ್ಲಿ ನಲವತ್ತು ದಿನ, ಶಾಫಿಈಗಳಲ್ಲಿ ಅರವತ್ತು ದಿನ ಎನ್ನುವುದು ರಕ್ತಸ್ರಾವಕ್ಕೂ ಇಬಾದತ್‌ಗೂ ಸಂಬಂಧಿಸಿದ ನಿಯಮ. ಅಷ್ಟರಲ್ಲಿ ಸ್ನಾಯು ಕೂಡಿಕೊಂಡಿರುತ್ತದೆ ಎಂದು ಅದರ ಅರ್ಥವಲ್ಲ. ಹಿಗ್ಗಿದ ಜೋಲಿ ಮರಳಿ ಬಿಗಿಯಾಗಲು ತಿಂಗಳುಗಳೇ ಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಷ್ಟು ಹಿಂದೆಯೇ, ತಾಯಿಗೋ ಮಗುವಿಗೋ ತೊಂದರೆಯೆಂದು ವೈದ್ಯರು ಕಂಡರೆ ಗರ್ಭಿಣಿಯರಿಗೂ ಹೆರಿಗೆಯ ನಂತರ ಹತ್ತು ವಾರದವರೆಗೂ ಭಾರ ಹೊರುವ ಕೆಲಸ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ಹತ್ತು ವಾರ ಎಂದರೆ ಎಪ್ಪತ್ತು ದಿನ. ಅತ್ತೆಯಂದಿರು ದಯವಿಟ್ಟು ಈ ಲೆಕ್ಕ ನೆನಪಿಡಲಿ. ನೇಪಾಳದ ಗುಡ್ಡಗಾಡಿನಲ್ಲಿ ಹೆರಿಗೆಯಾಗಿ ಕೆಲವೇ ದಿನಕ್ಕೆ ಹೊರೆ ಹೊತ್ತು ಗರ್ಭಕೋಶ ಕೆಳಗೆ ಜಾರಿದ ಹೆಣ್ಣುಮಕ್ಕಳು ಎಷ್ಟಿದ್ದರೆಂದರೆ, 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನು ಹೆಣ್ಣಿನ ಹಕ್ಕಿನ ಪ್ರಶ್ನೆಯೆಂದು ಪರಿಗಣಿಸಿ ಸರಕಾರಕ್ಕೆ ಆದೇಶ ಕೊಡಬೇಕಾಯಿತು.

ಈ ಭಾಗವನ್ನು ಗಂಡಸರೂ ಓದುತ್ತಿದ್ದರೆ ಒಳ್ಳೆಯದು. ಸೂರಃ ಕಸಸ್‌ನಲ್ಲಿ ಹ. ಮೂಸಾ(ಅ)ರು ಮದ್ಯನ್ ತಲುಪಿದ ಪ್ರಸಂಗ ಬರುತ್ತದೆ. ನೀರಿನ ಬಳಿ ಗುಂಪು ನೆರೆದಿತ್ತು, ಇಬ್ಬರು ಹೆಣ್ಣುಮಕ್ಕಳು ತಮ್ಮ ಜಾನುವಾರುಗಳನ್ನು ತಡೆದುಕೊಂಡು ದೂರ ನಿಂತಿದ್ದರು. ದಣಿದು, ಹಸಿದು, ಊರು ಬಿಟ್ಟು ಬಂದಿದ್ದ ಆ ಪ್ರವಾದಿ ಮೊದಲು ಮಾಡಿದ ಕೆಲಸ ಅವರ ಪ್ರಾಣಿಗಳಿಗೆ ನೀರು ಕುಡಿಸಿದ್ದು. ನಮ್ಮ ಬಾವಿಕಟ್ಟೆಗೆ ರಾಟೆ ಹಾಕಿಸುವುದು, ಹಂಡೆಗೆ ಒಂದು ಪೈಪ್ ಎಳೆಯುವುದು, ಸಿಲಿಂಡರನ್ನು ಒಲೆಯ ತನಕ ತಂದಿಡುವುದು ಅದಕ್ಕಿಂತ ಸುಲಭ.

ಈಗ ನಮಾಝಿನ ವಿಷಯ. ಖಾಲಾ ಅವರ ನಿಜವಾದ ಸಂಕಟ ಇದೇ ಆಗಿತ್ತು.

ಹ. ಆಯಿಶಾ(ರ) ಅವರಿಂದ ವರದಿಯಾದ, ಬುಖಾರಿಯಲ್ಲಿರುವ ಹದೀಸ್ ಒಂದಿದೆ. ಫಾತಿಮಾ ಬಿನ್ತ್ ಅಬೀ ಹುಬೈಶ್(ರ) ಎಂಬ ಸಹಾಬಿ ಮಹಿಳೆ ಪ್ರವಾದಿ(ಸ)ರ ಬಳಿ ಬಂದು, ತನಗೆ ರಕ್ತಸ್ರಾವ ನಿಲ್ಲುವುದೇ ಇಲ್ಲ, ನಮಾಝ್ ಬಿಟ್ಟುಬಿಡಲೇ ಎಂದು ಕೇಳಿದರು. ಬಿಡಬೇಡಿ, ಅದು ಮುಟ್ಟಲ್ಲ, ಒಂದು ನರದಿಂದ ಬರುವ ರಕ್ತ ಎಂಬ ಅರ್ಥದ ಉತ್ತರ ಸಿಕ್ಕಿತು. ಪ್ರತಿ ನಮಾಝಿಗೂ ವುಝೂ ಮಾಡಿಕೊಳ್ಳುವ ದಾರಿಯನ್ನೂ ತೋರಿಸಲಾಯಿತು. ಅವರು ಕೇಳಿದ ಪ್ರಶ್ನೆಯೂ ನಮ್ಮ ಖಾಲಾ ಮನಸ್ಸಿನೊಳಗೇ ಇಟ್ಟುಕೊಂಡ ಪ್ರಶ್ನೆಯೂ ಒಂದೇ. ವ್ಯತ್ಯಾಸವೆಂದರೆ ಅವರು ಬಾಯಿಬಿಟ್ಟು ಕೇಳಿದರು. ನಾಚಿಕೆ ಅನ್ಸಾರಿ ಮಹಿಳೆಯರನ್ನು ದೀನ್ ಕಲಿಯುವುದರಿಂದ ತಡೆಯಲಿಲ್ಲ ಎಂದು ಹ. ಆಯಿಶಾ(ರ) ಅವರು ಮೆಚ್ಚಿ ಹೇಳಿದ್ದನ್ನೂ ನೆನೆಯಬಹುದು.

ಆ ಹದೀಸಿನ ಆಧಾರದಲ್ಲೇ ಫಿಕ್ಹ್ ವಿದ್ವಾಂಸರು ಮೂತ್ರ ಸೋರುವವರ ನಿಯಮವನ್ನೂ ಹೇಳಿದ್ದಾರೆ. ಇಲ್ಲಿ ಎರಡು ಸ್ಥಿತಿಗಳನ್ನು ಬೆರೆಸಬಾರದು. ಕೆಮ್ಮಿದಾಗ, ಕೊಡ ಎತ್ತಿದಾಗ ಮಾತ್ರ ಸೋರುತ್ತದೆ, ಉಳಿದಂತೆ ಇಲ್ಲ ಎನ್ನುವವರಿಗೆ ಸಾಮಾನ್ಯ ನಿಯಮವೇ. ಸೋರಿದರೆ ವುಝೂ ಮುರಿಯಿತು, ಆ ಜಾಗ ತೊಳೆದು, ಮತ್ತೆ ವುಝೂ ಮಾಡಿ ನಮಾಝ್ ಮಾಡಬೇಕು. ಗುಸ್ಲ್ ಬೇಕಾಗಿಲ್ಲ. ಪ್ಯಾಡ್ ಅಥವಾ ಮಡಿಸಿದ ಬಟ್ಟೆ ಇಟ್ಟುಕೊಂಡಿದ್ದರೆ ಅದನ್ನು ಬದಲಿಸಿದರೆ ಸಾಕು, ಮೇಲಿನ ಉಡುಪು ಉಳಿಯುತ್ತದೆ. ಇದು ಗೊತ್ತಿಲ್ಲದೆ ಪ್ರತಿ ಸಲ ಪೂರ್ತಿ ಸ್ನಾನ ಮಾಡುವವರನ್ನು, ಅದು ಸಾಧ್ಯವಾಗದೆ ನಮಾಝನ್ನೇ ಬಿಡುವವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಸ್ಥಿತಿ, ನಿಲ್ಲದೆ ಹನಿಯುತ್ತಲೇ ಇರುವುದು. ಒಂದು ನಮಾಝಿನ ಇಡೀ ಸಮಯದಲ್ಲಿ ವುಝೂ ಮಾಡಿ ಫರ್ಝ್ ಮುಗಿಸುವಷ್ಟೂ ಬಿಡುವು ಸಿಗದಿದ್ದರೆ ಹನಫಿ ಮಝ್‌ಹಬ್ ಪ್ರಕಾರ ಅಂಥವರು ಮಾಝೂರ್. ಮುಂದೆ ಪ್ರತಿ ನಮಾಝಿನ ವೇಳೆಯಲ್ಲಿ ಒಮ್ಮೆಯಾದರೂ ಸೋರುತ್ತಿರುವ ತನಕ ಆ ವಿನಾಯಿತಿ ಮುಂದುವರಿಯುತ್ತದೆ. ಅವರು ಪ್ರತಿ ವೇಳೆಗೆ ಒಂದು ವುಝೂ ಮಾಡಿದರೆ, ಆ ವೇಳೆ ಮುಗಿಯುವ ತನಕ ಸೋರಿದರೂ ಆ ಕಾರಣಕ್ಕೆ ವುಝೂ ಮುರಿಯುವುದಿಲ್ಲ. ಫರ್ಝ್, ಸುನ್ನತ್, ಕುರ್‌ಆನ್ ಓದುವುದು ಎಲ್ಲವೂ ಅದರಲ್ಲೇ ಆಗುತ್ತದೆ. ಕರಾವಳಿಯ ಕಡೆಯಿಂದ ಬಂದ ಶಾಫಿಈ ಮನೆಗಳ ಸಹೋದರಿಯರಿಗೆ ನಿಯಮ ತುಸು ಬೇರೆ: ವೇಳೆ ಆದ ಮೇಲೆ ತೊಳೆದು, ಬಟ್ಟೆ ಕಟ್ಟಿಕೊಂಡು, ವುಝೂ ಮಾಡಿ, ತಡಮಾಡದೆ ನಮಾಝ್ ಮಾಡಬೇಕು. ಒಂದು ಫರ್ಝಿಗೆ ಒಂದು ವುಝೂ. ಸುಜೂದ್‌ಗೆ ಹೋದರೆ ಸೋರುತ್ತದೆ, ಕೂತಿದ್ದರೆ ಸೋರುವುದಿಲ್ಲ ಎನ್ನುವಂಥವರು ಕೂತು ಸನ್ನೆಯಿಂದ ನಮಾಝ್ ಮಾಡುವ ದಾರಿಯೂ ಹನಫಿ ಗ್ರಂಥಗಳಲ್ಲಿದೆ. ನಿಮ್ಮ ಸ್ಥಿತಿ ಯಾವುದು ಎಂದು ಆಲಿಮರಲ್ಲಿ ಕೇಳಿ ತಿಳಿಯಿರಿ. ನೇರ ಕೇಳಲು ಸಂಕೋಚವಾದರೆ ಅವರ ಮನೆಯವರ ಮೂಲಕ ಕೇಳಬಹುದು, ಹೆಸರು ಹೇಳಬೇಕಿಲ್ಲ.

ಸೋರಿತೋ ಇಲ್ಲವೋ ಎಂಬ ಅನುಮಾನದಲ್ಲೇ ದಿನಕ್ಕೆ ಹತ್ತು ಸಲ ಬಚ್ಚಲಿಗೆ ಹೋಗುವವರಿಗೆ ಒಂದು ಮಾತು: ಖಚಿತವಾದದ್ದು ಅನುಮಾನದಿಂದ ಹೋಗುವುದಿಲ್ಲ ಎಂಬುದು ಫಿಕ್ಹ್‌ನ ತಳಹದಿಯ ಸೂತ್ರಗಳಲ್ಲೊಂದು.

ಇಷ್ಟು ತಿಳಿದ ಮೇಲೂ ಸೋರುವುದನ್ನು ಹಾಗೇ ಬಿಟ್ಟುಕೊಂಡಿರಬೇಕೆಂದಿಲ್ಲ. ಒತ್ತಡಕ್ಕೆ ಸೋರುವ ಈ ತೊಂದರೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಆಪರೇಷನ್ ಅಲ್ಲ, ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು. ಇಂದಿಗೂ ಡಾಕ್ಟರುಗಳು ಕೀಗಲ್ ವ್ಯಾಯಾಮ ಎಂದೇ ಹೇಳುತ್ತಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2018ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಒತ್ತಡಕ್ಕೆ ಸೋರುತ್ತಿದ್ದ ಮಹಿಳೆಯರಲ್ಲಿ ಈ ವ್ಯಾಯಾಮ ಮಾಡಿದ ನೂರಕ್ಕೆ 56 ಮಂದಿ ತಮಗೆ ವಾಸಿಯಾಯಿತು ಎಂದರು. ಮಾಡದವರಲ್ಲಿ ಹಾಗೆ ಹೇಳಿದವರು ನೂರಕ್ಕೆ 6 ಮಂದಿ. ಖರ್ಚಿಲ್ಲದ ಮದ್ದುಗಳಲ್ಲಿ ಇಷ್ಟು ಫಲ ಕೊಡುವುದು ಕಡಿಮೆ.

ಯಾವ ಸ್ನಾಯು ಎಂದು ಗುರುತಿಸುವುದೇ ಮೊದಲ ಕಷ್ಟ. ನಮ್ಮವರಿಗೆ ಇದು ಸುಲಭವಾಗಬೇಕು. ವುಝೂ ಮುರಿಯಬಾರದೆಂದು ವಾಯುವನ್ನು ತಡೆಹಿಡಿಯುತ್ತೇವಲ್ಲ, ಆಗ ಒಳಗೆ ಬಿಗಿಯುವ ಸ್ನಾಯು ಅದೇ. ಹಿಂದಿನಿಂದ ಶುರುಮಾಡಿ ಮುಂದಿನ ಮೂತ್ರದ ದಾರಿಯವರೆಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಂಡ ಹಾಗೆ ಬಿಗಿಯಬೇಕು. ಕುಂಡೆ, ತೊಡೆ, ಹೊಟ್ಟೆ ಗಟ್ಟಿಯಾಗಬಾರದು. ಉಸಿರು ನಿಲ್ಲಬಾರದು. ಪಕ್ಕದಲ್ಲಿ ಕೂತವರಿಗೆ ನೀವು ಏನು ಮಾಡುತ್ತಿದ್ದೀರಿ ಎಂದು ತಿಳಿಯಬಾರದು. ತಿಳಿದರೆ ಎಲ್ಲೋ ತಪ್ಪಾಗಿದೆ. ಕೆಲವರು ಒಳಕ್ಕೆ ಎಳೆಯುವ ಬದಲು ಮಲವಿಸರ್ಜನೆಗೆ ಮುಕ್ಕಿದ ಹಾಗೆ ಕೆಳಕ್ಕೆ ತಳ್ಳುತ್ತಾರೆ. ಅದರಿಂದ ಕೆಡುಕೇ ಹೆಚ್ಚು.

ಮೊದಲು ಮಲಗಿಕೊಂಡು ಕಲಿಯಿರಿ, ಆಮೇಲೆ ಕೂತು, ಆಮೇಲೆ ನಿಂತು. ಮೂರು ನಾಲ್ಕು ಸೆಕೆಂಡ್ ಬಿಗಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದೂ ವ್ಯಾಯಾಮದ ಭಾಗವೇ. ಒಂದು ಸಲಕ್ಕೆ ಎಂಟರಿಂದ ಹತ್ತು ಬಾರಿ, ದಿನಕ್ಕೆ ಮೂರು ಸಲ. ವಾರಗಳು ಕಳೆದಂತೆ ಆರು, ಎಂಟು ಸೆಕೆಂಡಿಗೆ ಏರಿಸಿ. ಕೊನೆಯಲ್ಲಿ ನಾಲ್ಕೈದು ಬಾರಿ ಬೇಗ ಬೇಗ ಬಿಗಿದು ಬಿಡಿ. ಸೀನು, ಕೆಮ್ಮು ಹೇಳದೆ ಬರುತ್ತವೆ, ಸ್ನಾಯು ಚುರುಕಾಗಿರಬೇಕು. ಫಜರ್, ಅಸರ್, ಇಶಾ ಸಲಾಮಿನ ನಂತರ ಕೂತಲ್ಲೇ ಮಾಡಿದರೆ ಮರೆಯುವುದಿಲ್ಲ. ಇದು ಇಬಾದತ್‌ನ ಭಾಗ ಎಂದಲ್ಲ, ನೆನಪನ್ನು ನೇತುಹಾಕಲು ಒಂದು ಗೂಟ ಅಷ್ಟೆ. ಮೂತ್ರ ಮಾಡುತ್ತಿರುವಾಗ ಅರ್ಧಕ್ಕೆ ತಡೆದು ಅಭ್ಯಾಸ ಮಾಡುವುದು ಬೇಡ. ಚೀಲ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿಯಾಗುತ್ತದೆ.

ಫಲ ವಾರದಲ್ಲಿ ಕಾಣುವುದಿಲ್ಲ. ಬಿಡದೆ ಮೂರು ತಿಂಗಳಾದರೂ ಮಾಡಬೇಕು. ಹೆಚ್ಚಿನವರು ಮೂರನೆಯ ವಾರಕ್ಕೆ ಬೇಸರಪಟ್ಟು ಬಿಡುತ್ತಾರೆ, ನಮ್ಮ ಖಾಲಾ ಕೂಡ ಒಮ್ಮೆ ಬಿಟ್ಟು ಮತ್ತೆ ಹಿಡಿದರು. ಬಿಗಿದಾಗ ನೋವು ಬರುತ್ತದೆ, ಮೂತ್ರ ಸರಾಗವಾಗಿ ಇಳಿಯುವುದಿಲ್ಲ ಎನ್ನುವವರಿಗೆ ತೊಂದರೆ ಸಡಿಲಿಕೆಯದ್ದಲ್ಲದೆ ಅತಿ ಬಿಗಿತದ್ದಾಗಿರಬಹುದು. ಅವರು ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಇದರ ಜೊತೆ ಭಾರ ಎತ್ತುವ ರೀತಿ ಬದಲಾಗಬೇಕು. ಎತ್ತುವ ಮೊದಲು ತಳ ಬಿಗಿಯಿರಿ, ಆಮೇಲೆ ಎತ್ತಿ, ಎತ್ತುತ್ತಾ ಉಸಿರು ಹೊರಬಿಡಿ. "ಬಿಸ್ಮಿಲ್ಲಾಹ್" ಎಂದು ಸದ್ದಾಗಿ ಹೇಳುತ್ತಾ ಎತ್ತುವವರು ಅರಿಯದೆಯೇ ಉಸಿರು ಬಿಡುತ್ತಿರುತ್ತಾರೆ. ಮೊಣಕಾಲು ಬಗ್ಗಿಸಿ, ಕೊಡವನ್ನು ಮೈಗೆ ತಾಗಿಸಿಕೊಂಡು ಏಳಿ. ಬೆನ್ನು ಬಗ್ಗಿಸಿ, ಕೈ ಚಾಚಿ ಎತ್ತಬೇಡಿ. ಎರಡು ತುಂಬಿದ ಕೊಡ ಒಮ್ಮೆಗೇ ತರುವುದಕ್ಕಿಂತ ಮೂರು ಸಲ ಮುಕ್ಕಾಲು ಕೊಡ ತರುವುದು ಲೇಸು. ಕೆಮ್ಮು ಬರುವ ಸೂಚನೆ ಸಿಕ್ಕಾಗಲೂ ಮೊದಲು ಬಿಗಿಯಿರಿ. ಸುಜೂದ್‌ನಿಂದ ಏಳುವಾಗಲೂ ಅಷ್ಟೆ, ಉಸಿರು ಹಿಡಿದು ದಡಕ್ಕನೆ ಏಳದೆ, ಬಿಗಿದು ಮೆಲ್ಲಗೆ ಏಳಿ. ಇಷ್ಟರಿಂದಲೇ ಹಲವರಿಗೆ ನಮಾಝಿನಲ್ಲಿ ಸೋರುವುದು ಗಣನೀಯವಾಗಿ ಕಡಿಮೆಯಾಗುತ್ತದೆ.

ನೀರು ಕುಡಿಯುವುದನ್ನು ಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲ, ಮದುವೆ ಮನೆಗೆ ಹೋಗಬೇಕು, ಯಲ್ಲಾಪುರದಿಂದ ಹುಬ್ಬಳ್ಳಿ ಬಸ್ಸಿನಲ್ಲಿ ಕೂರಬೇಕು ಎಂದು ಬೆಳಿಗ್ಗೆಯಿಂದ ಬಾಯಿಗೆ ನೀರು ಹಾಕದಿದ್ದರೆ ಮೂತ್ರ ಗಾಢವಾಗಿ ಚೀಲವನ್ನು ಕೆರಳಿಸುತ್ತದೆ. ಉರಿಮೂತ್ರ ಬರುತ್ತದೆ, ಮಲ ಗಟ್ಟಿಯಾಗುತ್ತದೆ, ಮುಕ್ಕುವುದರಿಂದ ತಳದ ಸ್ನಾಯು ಇನ್ನೂ ಸೋಲುತ್ತದೆ. ನೀರು ಕುಡಿಯಿರಿ, ಚಹಾ ಕಡಿಮೆ ಮಾಡಿ. ರಮಝಾನಿನಲ್ಲಿ ಸಹ್ರಿಯ ಎರಡು ಲೋಟ ಚಹಾ ಬೆಳಗಿನ ಹೊತ್ತು ಎಷ್ಟು ಓಡಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಬೊಜ್ಜು ಇರುವವರಿಗೆ ತೂಕ ತುಸು ಇಳಿದರೂ ಸೋರುವುದು ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. "ಗರ್ಭಕೋಶ ತೆಗೆಸಿಬಿಡು, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ ಹೆಂಗಸರ ನಡುವೆ ತುಂಬ ಓಡಾಡುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಬಡ ಮಹಿಳೆಯರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ವಿಷಯ 2015ರ ಹೊತ್ತಿಗೆ ಹೊರಬಂದು ಆರೋಗ್ಯ ಇಲಾಖೆ ತನಿಖೆ ನಡೆಸಿದ್ದು ನೆನಪಿರಬಹುದು. ಮೂತ್ರ ಸೋರುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ವ್ಯಾಯಾಮದಿಂದ ಆಗದಿದ್ದರೆ ಮೂತ್ರನಾಳಕ್ಕೆ ಆಸರೆ ಕೊಡುವ ಬೇರೆ ಸಣ್ಣ ಆಪರೇಷನ್ ಇದೆ. ಗರ್ಭಕೋಶ ಜಾರಿದ್ದರೆ ಒಳಗೆ ಇಡುವ ರಿಂಗ್ ಇದೆ, ಆಪರೇಷನ್ ಬೇಡದವರಿಗೆ ಅದೇ ಸಾಕಾಗಬಹುದು. ಯಾರಾದರೂ ಮೊದಲ ಭೇಟಿಯಲ್ಲೇ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಕೆಲವು ಲಕ್ಷಣಗಳಿಗೆ ಮೂರು ತಿಂಗಳು ಕಾಯಬಾರದು. ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿ, ಕೆಳಗೆ ಏನೋ ಗಡ್ಡೆಯಂತೆ ಇಳಿದು ಕೈಗೆ ತಾಗುವುದು, ಕಷ್ಟದ ಹೆರಿಗೆ ಅಥವಾ ಆಪರೇಷನ್ ನಂತರ ಹಗಲು ರಾತ್ರಿ ಸುರಿಯುತ್ತಲೇ ಇರುವುದು, ಮೂತ್ರ ಕಟ್ಟಿಕೊಳ್ಳುವುದು ಇದ್ದರೆ ಬೇಗ ತೋರಿಸಿ. ಕಾಲು ಅಥವಾ ತೊಡೆಯ ಸಂದು ಜೋಮು ಹಿಡಿದು ಮೂತ್ರ ಹತೋಟಿ ತಪ್ಪಿದರೆ ಆ ದಿನವೇ ಹೋಗಬೇಕು.

ಹೋಗುವುದೆಲ್ಲಿಗೆ? ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ, ಸಿದ್ದಾಪುರ ಮತ್ತು ಯಲ್ಲಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕೆಂದರೆ ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಎನ್ನುವ ದೊಡ್ಡ ಸರಕಾರಿ ಆಸ್ಪತ್ರೆ ಇದೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಎಲ್ಲರೆದುರು ವಿವರ ಹೇಳಬೇಕಿಲ್ಲ, "ಸ್ತ್ರೀರೋಗ ವಿಭಾಗ" ಎಂದರೆ ಸಾಕು. ಲೇಡಿ ಡಾಕ್ಟರ್ ಇದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಒಳಗೆ ಹೋದ ಮೇಲೆ ಮಾತು ಸುತ್ತಿಸಬೇಡಿ. "ಸೊಂಟ ನೋವು, ಸುಸ್ತು" ಎಂದು ಶುರುಮಾಡಿದರೆ ನೋವಿನ ಮಾತ್ರೆ ಬರೆಸಿಕೊಂಡು ವಾಪಸ್ ಬರುತ್ತೀರಿ. "ಭಾರ ಎತ್ತಿದರೆ, ಕೆಮ್ಮಿದರೆ ಮೂತ್ರ ಸೋರುತ್ತದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಹೋಗುವ ಮೊದಲು ಮೂರು ದಿನ ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಏನು ಮಾಡುವಾಗ ಸೋರಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬರೆಯಲು ಬಾರದಿದ್ದರೆ ಮಗಳ ಕೈಯಲ್ಲಿ ಬರೆಸಿ. ಖಾಲಾ ಬರೆಸಿದ್ದು ಸೊಸೆಯ ಕೈಯಲ್ಲಿ. ಬರೆಯುತ್ತಾ ಬರೆಯುತ್ತಾ ಆ ಸೊಸೆ, ಮಗು ಹುಟ್ಟಿದಂದಿನಿಂದ ತನಗೂ ಹೀಗೇ ಆಗುತ್ತಿದೆ ಎಂದಳಂತೆ.